ಗಾಡಿ ಬೆಲೆ ಇಳಿಯುತ್ತೆ, ಪಾರ್ಟ್ಸ್ ಬೆಲೆ ಇಳಿಯಲ್ಲ: ವಾರಂಟಿ ಇಲ್ಲದ ಲಕ್ಷುರಿ ಎಸ್‌ಯುವಿಗೆ ಟೋಕನ್ ಕೊಡೋ ಮುಂಚೆ

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ)

ಇವತ್ತಿನ ವಿಷಯ ಸೆಕೆಂಡ್ ಹ್ಯಾಂಡ್ ಲಕ್ಷುರಿ ಎಸ್‌ಯುವಿ. ಅದರಲ್ಲೂ ವಾರಂಟಿ ಮುಗಿದಿರೋ ಗಾಡಿ.

ಈ ವಿಷಯ ಯಾಕೆ ಬಂತು ಅಂದ್ರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆ ಕಡೆಯಿಂದ ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದ್ರು. ವಯಸ್ಸು ಇಪ್ಪತ್ತಾರು. ಮನೆಯಲ್ಲಿ ತೆಂಗಿನ ತೋಟ, ವರ್ಷಕ್ಕೆ ಸರಾಸರಿ 40 ಕ್ವಿಂಟಲ್ ಕೊಬ್ಬರಿ. ರೇಟು ಚೆನ್ನಾಗಿದ್ದಾಗ ಅಟ್ಟದಲ್ಲಿದ್ದ ಹಳೆ ದಾಸ್ತಾನೂ ಸೇರಿಸಿ ಮಾರಿದ್ದಾರೆ, 12 ಲಕ್ಷ ಕೈಗೆ ಬಂದಿದೆ. ಬೆಂಗಳೂರಿನ ಡೀಲರ್ ಒಬ್ಬರ ಹತ್ತಿರ 2015ರ ಮಾಡೆಲ್ ಜರ್ಮನ್ ಎಸ್‌ಯುವಿ ನೋಡಿದ್ದಾರೆ. ಹೊಸದಾಗಿದ್ದಾಗ 70 ಲಕ್ಷದ ಗಾಡಿ, ಈಗ 15 ಲಕ್ಷ. ಡೀಸೆಲ್, ದೆಹಲಿ ನೋಂದಣಿ, ವಾರಂಟಿ ಇಲ್ಲ. 12 ಲಕ್ಷ ಕೈಯಿಂದ, 3 ಲಕ್ಷ ಫೈನಾನ್ಸ್. ಭಾನುವಾರದೊಳಗೆ ಟೋಕನ್ ಕೊಡಬೇಕಂತೆ. "ಅಪ್ಪ ಬೇಡ ಅಂತಾವ್ರೆ, ಆದ್ರೆ ಗಾಡಿ ಹೂವಿನಂಗೈತೆ ಅಣ್ಣ. ತಗೊಳ್ಳಲಾ?" ಅಂತ ಪ್ರಶ್ನೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಇಂಥ ಗಾಡಿ ಬೇಕು ಅನ್ನೋ ಆಸೆಯಲ್ಲಿ ತಪ್ಪೇನೂ ಇಲ್ಲ. ತೋಟದಲ್ಲಿ ದುಡಿಯೋ ಹುಡುಗ ಮದುವೆ ಛತ್ರದ ಮುಂದೆ ದೊಡ್ಡ ಗಾಡಿಯಿಂದ ಇಳಿಯಬಾರದು ಅಂತ ಯಾವ ಕಾನೂನೂ ಇಲ್ಲ. ಹೆಣ್ಣು ಕೇಳೋಕೆ ಹೋದ ಮನೆಯಲ್ಲಿ ಮೊದಲು ಗೇಟಿನ ಹೊರಗೆ ನಿಂತ ಗಾಡಿ ಕಡೆ ನೋಡ್ತಾರೆ ಅನ್ನೋದೂ ನನಗೆ ಗೊತ್ತು. ಹಾಗಾಗಿ ಉಪದೇಶ ಬೇಡ, ಲೆಕ್ಕ ಹಾಕೋಣ.

70 ಲಕ್ಷದ ಗಾಡಿ 15ಕ್ಕೆ ಯಾಕೆ ಬರುತ್ತೆ?

ಯಾರೋ ನಿಮಗೆ 55 ಲಕ್ಷ ಡಿಸ್ಕೌಂಟ್ ಕೊಡ್ತಿದ್ದಾರೆ ಅಂತ ಅನ್ಸುತ್ತೆ. ಹಾಗಿಲ್ಲ. ಮುಂದೆ ಬರೋ ಖರ್ಚು ಎಷ್ಟಿರಬಹುದು ಅಂತ ಮಾರ್ಕೆಟ್ ಮೊದಲೇ ಅಂದಾಜು ಮಾಡಿ, ಅಷ್ಟನ್ನು ಬೆಲೆಯಿಂದ ಕಳೆದಿದೆ. ಮೊದಲ ಮಾಲೀಕ ಮಾರಿದ್ದೂ ಎಷ್ಟೋ ಸಲ ಅದೇ ಖರ್ಚಿಗೆ ಹೆದರಿ.

ಈ ಕಂತಿನಲ್ಲಿ ನೀವು ಒಂದೇ ವಾಕ್ಯ ನೆನಪಿಟ್ಕೊಳ್ಳೋದಾದ್ರೆ ಇದನ್ನು ಇಟ್ಕೊಳ್ಳಿ: ಗಾಡಿಯ ಬೆಲೆ ವರ್ಷ ವರ್ಷ ಇಳಿಯುತ್ತೆ, ಆದರೆ ಪಾರ್ಟ್ಸ್ ಬೆಲೆ ಇಳಿಯಲ್ಲ. ನೀವು ಕೊಟ್ಟಿದ್ದು 15 ಲಕ್ಷ ಇರಬಹುದು. ಆದರೆ ಗೇರ್‌ಬಾಕ್ಸ್ ಕೆಟ್ಟಾಗ ಬರೋದು 70 ಲಕ್ಷದ ಗಾಡಿಯ ಬಿಲ್ಲು. ಆನೆ ಕೊಳ್ಳೋದು ಬೇರೆ, ಆನೆ ಸಾಕೋದು ಬೇರೆ.

ಯಾವ ಪಾರ್ಟ್ಸ್ ಅಂತ ಕೇಳ್ತೀರಾ? ಮೊದಲನೆಯದು ಏರ್ ಸಸ್ಪೆನ್ಷನ್. ದೊಡ್ಡ ಲಕ್ಷುರಿ ಎಸ್‌ಯುವಿಗಳಲ್ಲಿ ಬಹಳಷ್ಟಕ್ಕೆ ಮಾಮೂಲಿ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳಿರುತ್ತವೆ. ವಯಸ್ಸಾದಂತೆ ಆ ರಬ್ಬರ್ ಬಿರುಕು ಬಿಡುತ್ತೆ, ಗಾಳಿ ಸೋರುತ್ತೆ. ಸೋರಿದ್ದನ್ನು ತುಂಬೋಕೆ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಓಡಿ ಅದೂ ಸುಟ್ಟು ಹೋಗುತ್ತೆ. ಒಂದು ಸಣ್ಣ ಸೋರಿಕೆ, ಎರಡು ದೊಡ್ಡ ಬಿಲ್ಲು.

ಎರಡನೆಯದು ಟೈಮಿಂಗ್ ಚೈನು. ಬಿಎಂಡಬ್ಲ್ಯುನ ಎನ್47 ಅನ್ನೋ ಹಳೆ ಡೀಸೆಲ್ ಎಂಜಿನ್‌ನಲ್ಲಿ ಈ ಚೈನು ಎಂಜಿನ್‌ನ ಹಿಂಬದಿಯಲ್ಲಿ, ಗೇರ್‌ಬಾಕ್ಸ್ ಕಡೆಗಿದೆ. ಅಂದ್ರೆ ಚೈನಿಗಿಂತ ಅಲ್ಲಿವರೆಗೆ ಕೈ ಹೋಗೋಕೆ ಬಿಚ್ಚೋ ಕೂಲಿನೇ ದೊಡ್ಡದು.

ಮೂರನೆಯದು ಡಿಪಿಎಫ್, ಅಂದ್ರೆ ಡೀಸೆಲ್ ಹೊಗೆಯ ಮಸಿ ಹಿಡಿಯೋ ಜಾಲರಿ. ಅದು ಕಾದು ಮಸಿ ಸುಡಬೇಕಾದ್ರೆ ಗಾಡಿ ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಮನೆಯಿಂದ ತೋಟ, ತೋಟದಿಂದ ಸಂತೆ ಅಂತ ನಾಲ್ಕು ನಾಲ್ಕು ಕಿಲೋಮೀಟರ್ ಓಡಿಸಿದ್ರೆ ಅದು ಕಟ್ಟಿಕೊಳ್ಳುತ್ತೆ. ನಮ್ಮ ಓಡಾಟದ ರೀತಿಯೇ ಆ ಗಾಡಿಗೆ ಆಗಿಬರಲ್ಲ.

ಇದರ ಜೊತೆಗೆ ದೂರ. ಇಂಥ ಕಂಪನಿಗಳ ಅಧಿಕೃತ ವರ್ಕ್‌ಶಾಪ್‌ಗೆ ಬೆಂಗಳೂರಿನಂಥ ದೊಡ್ಡ ಊರಿಗೇ ಹೋಗಬೇಕು, ಬೆಂಗಳೂರು ಅಂದ್ರೆ ಶೆಟ್ಟಿಕೆರೆಯಿಂದ ಹತ್ತಿರ ಹತ್ತಿರ 150 ಕಿಲೋಮೀಟರ್. ಗಾಡಿ ಅಂಗಳದಲ್ಲೇ ಕೂತುಬಿಟ್ರೆ ಟ್ರಕ್ ಮೇಲೆ ಹೇರಿಕೊಂಡು ಹೋಗೋ ಬಾಡಿಗೆಯಿಂದಲೇ ಮೀಟರ್ ಶುರು.

ವಾರಂಟಿ ಬೇರೆ, ಇನ್ಶೂರೆನ್ಸ್ ಬೇರೆ

"ಫುಲ್ ಇನ್ಶೂರೆನ್ಸ್ ಇದೆ, ಏನೂ ತೊಂದರೆ ಇಲ್ಲ" ಅಂತ ಡೀಲರ್ ಹೇಳ್ತಾರೆ. ಇನ್ಶೂರೆನ್ಸ್ ಇರೋದು ಅಪಘಾತ, ಕಳವು, ಬೆಂಕಿ, ಪ್ರವಾಹ ಇಂಥವಕ್ಕೆ. ಸವೆದು ಹೋಗಿದ್ದಕ್ಕೆ, ತಾನಾಗೇ ಕೆಟ್ಟಿದ್ದಕ್ಕೆ ಮಾಮೂಲಿ ಪಾಲಿಸಿ ಒಂದು ರೂಪಾಯಿನೂ ಕೊಡಲ್ಲ. ತಾನಾಗೇ ಕೆಟ್ಟಿದ್ದಕ್ಕೆ ಕೊಡೋದು ವಾರಂಟಿ. ಅದು ಈ ಗಾಡಿಗಿಲ್ಲ.

ಅಪಘಾತ ಆದಾಗಲೂ ಪೂರ್ತಿ ಸಿಗುತ್ತೆ ಅಂತಲ್ಲ. ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಸವಕಳಿ ಅಂತ ಅರ್ಧ ಕಳೀತಾರೆ. ಅದನ್ನು ತಪ್ಪಿಸೋ ಜೀರೋ ಡೆಪ್ರಿಸಿಯೇಷನ್ ಸೌಲಭ್ಯ ಇಷ್ಟು ವಯಸ್ಸಾದ ಗಾಡಿಗೆ ಸಿಗೋದು ಕಷ್ಟ.

ನಾನು ಕಾಮರ್ಸ್ ಓದಿದವನು, ಹಾಗಾಗಿ ವಾರಂಟಿನ ಹೀಗೆ ನೋಡ್ತೀನಿ. ಅದು ಅಪಾಯವನ್ನು ಬೇರೆಯವರ ತಲೆ ಮೇಲೆ ಹಾಕೋಕೆ ನಾವು ಕೊಡೋ ದುಡ್ಡು. ಬಿಎಂಡಬ್ಲ್ಯು, ಮರ್ಸಿಡಿಸ್, ಆಡಿ ಮೂರೂ ಕಂಪನಿಗಳು ತಾವೇ ಪರೀಕ್ಷೆ ಮಾಡಿದ ಹಳೆ ಗಾಡಿಗಳನ್ನು ವಾರಂಟಿ ಸಹಿತ ಮಾರ್ತವೆ. ಅಲ್ಲಿ ಬೆಲೆ ಜಾಸ್ತಿ, ಗಾಡಿಗಳ ವಯಸ್ಸು ಕಡಿಮೆ. ಗಾಡಿಯ ಒಳಗು ಹೊರಗು ಎಲ್ಲ ಗೊತ್ತಿರೋ ಕಂಪನಿಯೇ ಒಂದು ವಯಸ್ಸು ದಾಟಿದ ಮೇಲೆ "ಇದರ ಜವಾಬ್ದಾರಿ ನಮಗೆ ಬೇಡ" ಅನ್ನುವಾಗ, ಅದೇ ಜವಾಬ್ದಾರಿನ ನೀವು ಹೊತ್ಕೊಳ್ತಿದ್ದೀರಿ. ವಾರಂಟಿ ಇಲ್ಲದ ಗಾಡಿ ಕೊಂಡ ದಿನವೇ ನೀವೊಂದು ಪುಟ್ಟ ಇನ್ಶೂರೆನ್ಸ್ ಕಂಪನಿ ಆದ್ರಿ ಅಂತ ತಿಳ್ಕೊಳ್ಳಿ. ಕ್ಲೇಮ್ ಬಂದಾಗ ಕೊಡೋಕೆ ಆ ಕಂಪನಿ ಹತ್ತಿರ ದುಡ್ಡಿದೆಯಾ ಅನ್ನೋದೇ ಪ್ರಶ್ನೆ.

ಲೆಕ್ಕ ರೂಪಾಯಲ್ಲಿ ಬೇಡ, ಕ್ವಿಂಟಲ್‌ನಲ್ಲಿ ಹಾಕೋಣ

ತಿಂಗಳ ಸಂಬಳದವರ ಲೆಕ್ಕ ಬೇರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರ ಆದಾಯ ತಿಪಟೂರು ಮಾರುಕಟ್ಟೆಯ ಕೊಬ್ಬರಿ ರೇಟಿನ ಜೊತೆ ಏರುತ್ತೆ, ಇಳಿಯುತ್ತೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇತ್ತು. ಮಾರುಕಟ್ಟೆಯಲ್ಲಿ ಆ ವರ್ಷ ರೇಟು 10 ಸಾವಿರಕ್ಕಿಂತಲೂ ಕೆಳಗೆ ಹೋಗಿತ್ತು. ರೈತರು ಬೀದಿಗಿಳಿದಿದ್ದು ನೆನಪಿರಬೇಕು. 2025ರ ಬೆಂಬಲ ಬೆಲೆ 12,100. ಆದರೆ ಆ ವರ್ಷದ ಮಧ್ಯಭಾಗಕ್ಕೆ ಮಾರುಕಟ್ಟೆ ರೇಟು 20 ಸಾವಿರ ದಾಟಿತ್ತು. ಎರಡೇ ವರ್ಷದಲ್ಲಿ ಎರಡು ಪಟ್ಟಿಗೂ ಹೆಚ್ಚು.

ಈಗ ಈ ಗಾಡಿಗೆ ಒಂದು ದೊಡ್ಡ ರಿಪೇರಿ ಬಂತು, 3 ಲಕ್ಷ ಅಂತ ಇಟ್ಕೊಳ್ಳೋಣ. ಇದು ಲೆಕ್ಕಕ್ಕೆ ಹಿಡಿದ ಸಂಖ್ಯೆ ಅಷ್ಟೇ, ನಿಮ್ಮ ಗಾಡಿಗೆ ನೀವೇ ಕೇಳಿ ತಿಳ್ಕೋಬೇಕು. ರೇಟು 20 ಸಾವಿರ ಇದ್ದಾಗ 3 ಲಕ್ಷ ಅಂದ್ರೆ 15 ಕ್ವಿಂಟಲ್ ಕೊಬ್ಬರಿ. ರೇಟು 10 ಸಾವಿರಕ್ಕೆ ಬಿದ್ದಾಗ ಅದೇ ರಿಪೇರಿಗೆ 30 ಕ್ವಿಂಟಲ್. ನಮ್ಮ ಕೇಳುಗರ ತೋಟದ ಫಸಲು ವರ್ಷಕ್ಕೆ 40 ಕ್ವಿಂಟಲ್. ಮುಕ್ಕಾಲು ವರ್ಷದ ಫಸಲು ಒಂದೇ ಬಿಲ್ಲಿಗೆ ಹೋಯ್ತು. ಉಳಿದ 10 ಕ್ವಿಂಟಲ್‌ನಲ್ಲಿ ಮನೆ ನಡೀಬೇಕು, ಗೊಬ್ಬರ ಆಗಬೇಕು, ಕಾಯಿ ಕೀಳಿಸೋ ಕೂಲಿ, ಸುಲಿಸೋ ಕೂಲಿ ಕೊಡಬೇಕು, ಫೈನಾನ್ಸ್ ಕಂತು ಕಟ್ಟಬೇಕು. ಗೇರ್‌ಬಾಕ್ಸ್‌ಗೆ ಕೊಬ್ಬರಿ ರೇಟು ನೋಡಿಕೊಂಡು ಕೆಡೋಕೆ ಬರಲ್ಲ.

ಇನ್ನೊಂದು ವಿಷಯ ನಿಮ್ಮ ತೋಟದಲ್ಲೇ ಕಾಣುತ್ತೆ. ರೇಟು ಹೀಗೆ ಏರೋದಕ್ಕೆ ಇಳುವರಿ ಕಡಿಮೆಯಾಗಿದ್ದೂ ಒಂದು ಕಾರಣ. ಕಪ್ಪುತಲೆ ಹುಳು, ಬಿಳಿ ನೊಣ, ನುಸಿ, ಕಾಂಡ ಸೋರುವ ರೋಗ ಇವೆಲ್ಲ ಈ ಭಾಗದ ಮರಗಳನ್ನು ಹಿಂಡಿವೆ. ಅಂದ್ರೆ ಆ 12 ಲಕ್ಷವನ್ನು ಪ್ರತಿವರ್ಷದ ಆದಾಯ ಅಂತ ಲೆಕ್ಕ ಹಿಡಿಯೋ ಹಾಗಿಲ್ಲ. ಒಂದು ಒಳ್ಳೆ ವರ್ಷದ ದುಡ್ಡು ಕೊಟ್ಟು, ಮುಂದಿನ ಐದು ವರ್ಷದ ಖರ್ಚನ್ನು ಮನೆಗೆ ಕರ್ಕೊಂಡು ಬರ್ತೀರಾ ಅಂತ ನೀವೇ ಕೇಳ್ಕೊಳ್ಳಿ. ಅಪ್ಪ ಬೇಡ ಅಂತಿರೋದು ಬಹುಶಃ ಇದೇ ಲೆಕ್ಕಕ್ಕೆ. ಅವರು ಹತ್ತಾರು ಸಲ ರೇಟು ಬೀಳೋದನ್ನು ನೋಡಿದ್ದಾರೆ.

ದೆಹಲಿ ಗಾಡಿ ಅಗ್ಗ ಯಾಕೆ?

2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿ ಮತ್ತು ಸುತ್ತಲಿನ ರಾಜಧಾನಿ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ಗಾಡಿ ಓಡಿಸಬಾರದು ಅಂತ ಆದೇಶ ಮಾಡಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಆಮೇಲೆ ಆ ನಿಯಮದಲ್ಲಿ ಕೋರ್ಟ್ ಕೆಲವು ಸಡಿಲಿಕೆ ಮಾಡಿದ್ರೂ, ಅಲ್ಲಿನವರು ಹತ್ತನೇ ವರ್ಷ ಹತ್ತಿರ ಬಂದ ಹಾಗೆ ಡೀಸೆಲ್ ಗಾಡಿ ಮಾರೋ ಅಭ್ಯಾಸ ಬೆಳೆದುಬಿಟ್ಟಿದೆ. ಆ ಗಾಡಿಗಳು ದಕ್ಷಿಣಕ್ಕೆ ಬರ್ತವೆ.

ಬಂದ ಮೇಲೆ ಇಲ್ಲಿನ ಜೀವಾವಧಿ ತೆರಿಗೆ ಕಟ್ಟಬೇಕು. ಕರ್ನಾಟಕದಲ್ಲಿ 20 ಲಕ್ಷಕ್ಕಿಂತ ಹೆಚ್ಚಿನ ಕಾರಿಗೆ ಅದು ಶೇ 18, ಅದರ ಮೇಲೆ ಸೆಸ್. 70 ಲಕ್ಷದ ಹೊಸ ಗಾಡಿಗೆ ಲೆಕ್ಕ ಹಾಕಿದ್ರೆ ಸೆಸ್ ಬಿಟ್ಟು 12 ಲಕ್ಷ 60 ಸಾವಿರ. ಹಳೆ ಗಾಡಿಗೆ ವಯಸ್ಸು ನೋಡಿ ಇಳಿಸ್ತಾರೆ ನಿಜ. ಆದರೆ ಇಳಿಸೋದು ಹೊಸ ಗಾಡಿಯ ತೆರಿಗೆಯಿಂದ. ನೀವು ಕೊಟ್ಟ 15 ಲಕ್ಷ ಅಲ್ಲಿ ಲೆಕ್ಕಕ್ಕಿಲ್ಲ. ಪಾರ್ಟ್ಸ್ ಕಥೆನೇ ಇಲ್ಲೂ: ಗಾಡಿಯ ಮೊದಲ ಬೆಲೆಯನ್ನು ಸರ್ಕಾರವೂ ಮರೆಯಲ್ಲ. ಹತ್ತು ವರ್ಷ ಹಳೆಯದಾದ್ರೂ ಬಿಲ್ಲು ಲಕ್ಷಗಳಲ್ಲೇ ಬರುತ್ತೆ. 15 ಲಕ್ಷ ಅಂದಿದ್ದು ಇಲ್ಲಿಗೇ 15 ಆಗಿ ಉಳಿಯಲಿಲ್ಲ.

"ದೆಹಲಿ ನಂಬರ್‌ನಲ್ಲೇ ಓಡಿಸಿ ಸಾರ್, ಯಾರು ಕೇಳ್ತಾರೆ" ಅಂತ ಡೀಲರ್ ಹೇಳಬಹುದು. ಮೋಟಾರು ವಾಹನ ಕಾಯ್ದೆಯ ಪ್ರಕಾರ ಗಾಡಿ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ರೆ ಅಲ್ಲಿ ಮರುನೋಂದಣಿ ಕಡ್ಡಾಯ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆಯವರು ಇಲ್ಲಿನ ತೆರಿಗೆ ಕಟ್ಟದ ಸುಮಾರು 30 ಐಷಾರಾಮಿ ಕಾರುಗಳನ್ನು ಜಪ್ತಿ ಮಾಡಿದ್ರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲಿ ಕಸ್ಟಮ್ಸ್‌ನವರು, ಭೂತಾನ್ ಮೂಲಕ ಕಳ್ಳದಾರಿಯಲ್ಲಿ ಬಂದಿವೆ ಅನ್ನೋ ಅನುಮಾನದ ಮೇಲೆ ದುಬಾರಿ ಗಾಡಿಗಳನ್ನು ವಶಪಡಿಸಿಕೊಂಡ್ರು. ಕೊಂಡವರಲ್ಲಿ ಸಿನಿಮಾ ನಟರೂ ಇದ್ರು. ಅಂಥವರ ಗಾಡಿಯ ಕಾಗದವೇ ಪ್ರಶ್ನೆಗೆ ಬರುತ್ತೆ ಅಂದ್ರೆ, ನಾವು ಇನ್ನೆಷ್ಟು ಹುಷಾರಾಗಿರಬೇಕು.

ಎತ್ತು ಕೊಳ್ಳೋ ಹಾಗೆ ಗಾಡಿ ಕೊಳ್ಳಿ

ಸಿದ್ಧಗಂಗೆ ಜಾತ್ರೆಯಲ್ಲಿ ಹಿರಿಯರು ಎತ್ತು ಕೊಳ್ಳೋದನ್ನು ನೋಡಿದ್ದೀರಾ? ಬಾಯಿ ಬಿಡಿಸಿ ಹಲ್ಲು ನೋಡ್ತಾರೆ, ಸುಳಿ ನೋಡ್ತಾರೆ, ನಡೆಸಿ ನೋಡ್ತಾರೆ. ಆಮೇಲಷ್ಟೇ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ. ಕೊಬ್ಬರಿನೂ ಅಷ್ಟೇ. ಕೌಟು ಇದೆಯಾ ಅಂತ ನೋಡದೆ ಯಾರೂ ರೇಟು ಹೇಳಲ್ಲ. ಗಾಡಿ ವಿಷಯದಲ್ಲಿ ಮಾತ್ರ ಪಾಲಿಶ್ ನೋಡಿ ಟೋಕನ್ ಕೊಟ್ಟುಬಿಡ್ತೀವಿ.

ಮಾಡಬೇಕಾದ್ದು ಹೀಗೆ.

ಒಂದು: ಗಾಡಿ ನೋಡೋಕೆ ಬೆಳಿಗ್ಗೆ ಹೋಗಿ. ರಾತ್ರಿಯೆಲ್ಲ ನಿಂತು ಎಂಜಿನ್ ತಣ್ಣಗಿರಬೇಕು, ನೀವು ಬರೋ ಮುಂಚೆ ಸ್ಟಾರ್ಟ್ ಮಾಡಿರಬಾರದು. ಏರ್ ಸಸ್ಪೆನ್ಷನ್ ಗಾಡಿ ಆಗಿದ್ರೆ ಒಂದು ಮೂಲೆ ಕೆಳಗೆ ಕೂತಿದೆಯಾ ನೋಡಿ. ಸ್ಟಾರ್ಟ್ ಮಾಡಿದಾಗ ಚೈನಿನ ಕರಕರ ಸದ್ದು ಬರುತ್ತಾ ಕೇಳಿ.

ಎರಡು: ಚಾಸಿಸ್ ನಂಬರ್ ತಗೊಂಡು ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಹಳೆ ಸರ್ವಿಸ್ ದಾಖಲೆ ಕೇಳಿ. ಮೂರು ವರ್ಷದ ಹಿಂದೆ 90 ಸಾವಿರ ಕಿಲೋಮೀಟರ್ ಅಂತಿದ್ದ ಗಾಡಿ ಈಗ 70 ಸಾವಿರ ತೋರಿಸ್ತಿದ್ರೆ ಮೀಟರ್ ತಿರುಗಿಸಿದ್ದಾರೆ ಅಂತರ್ಥ. ಅಲ್ಲಿಂದಲೇ ಎದ್ದು ಬನ್ನಿ.

ಮೂರು: ಆ ಕಂಪನಿಯ ಗಾಡಿ ಬಿಚ್ಚಿ ಗೊತ್ತಿರೋ, ಡೀಲರ್‌ಗೆ ಸಂಬಂಧ ಇಲ್ಲದ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ಸ್ಕ್ಯಾನರ್ ಹಾಕಿಸಿ, ಲಿಫ್ಟ್ ಮೇಲೆ ಎತ್ತಿಸಿ ನೋಡಿಸಿ. ಡೀಲರ್ "ಅದೆಲ್ಲ ಆಗಲ್ಲ" ಅಂದ್ರೆ ನಿಮಗೆ ಉತ್ತರ ಸಿಕ್ತು.

ನಾಲ್ಕು: ಟೋಕನ್ ಕೊಡೋ ಮುಂಚೆ ಅಧಿಕೃತ ವರ್ಕ್‌ಶಾಪ್‌ನಲ್ಲಿ ಮೂರು ಕೆಲಸಕ್ಕೆ ಕೊಟೇಷನ್ ಕೇಳಿ: ಪೂರ್ತಿ ಸಸ್ಪೆನ್ಷನ್, ಗೇರ್‌ಬಾಕ್ಸ್, ಟರ್ಬೋ ಮತ್ತು ಇಂಜೆಕ್ಟರ್. ಮೂರರಲ್ಲಿ ದೊಡ್ಡ ಮೊತ್ತ ಯಾವುದೋ ಅಷ್ಟು ದುಡ್ಡು, ಗಾಡಿ ಕೊಂಡ ಮೇಲೂ ನಿಮ್ಮ ಹೆಸರಿನಲ್ಲಿ ಎಫ್‌ಡಿಯಲ್ಲಿ ಇರಬೇಕು. ಕಾಮರ್ಸ್ ಭಾಷೆಯಲ್ಲಿ ಇದಕ್ಕೆ ಪ್ರಾವಿಷನ್ ಅಂತಾರೆ. ಅಜ್ಜಿ ಸಾಸಿವೆ ಡಬ್ಬಿಯಲ್ಲಿ ಇಡ್ತಿದ್ದ ದುಡ್ಡೂ ಅದೇ.

ಐದು: ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಗಾಡಿ ಮೇಲೆ ಸಾಲ ಇದೆಯಾ, ದಂಡ ಬಾಕಿ ಇದೆಯಾ ನೋಡಿ. ಸಾಲ ಇದ್ರೆ ಬ್ಯಾಂಕಿನ ಫಾರಂ 35, ಹೊರರಾಜ್ಯದ್ದಾದ್ರೆ ಫಾರಂ 28ರ ಎನ್‌ಒಸಿ, ಹೆಸರು ಬದಲಾಯಿಸೋಕೆ ಫಾರಂ 29 ಮತ್ತು 30. ಈ ಕಡೆಯವರಿಗೆ ತಿಪಟೂರಿನ ಕೆಎ-44 ಆರ್‌ಟಿಒ. ಇನ್ಶೂರೆನ್ಸ್ ಹೆಸರು ಬದಲಾವಣೆಗೆ 14 ದಿನದೊಳಗೆ ಅರ್ಜಿ ಹಾಕಿ. ಹಳೆ ಮಾಲೀಕರ ನೋ ಕ್ಲೇಮ್ ಬೋನಸ್ ಅವರದ್ದೇ, ಗಾಡಿ ಜೊತೆ ಬರಲ್ಲ. ಡೀಲರ್ ಜಿಎಸ್‌ಟಿ ಅಂದ್ರೆ ಬಿಲ್ಲು ಕೇಳಿ. ಹಳೆ ಗಾಡಿಗೆ ಸಾಮಾನ್ಯವಾಗಿ ಶೇ 18 ಹಾಕೋದು ಡೀಲರ್ ಲಾಭದ ಮೇಲೆ, ಪೂರ್ತಿ ಬೆಲೆಯ ಮೇಲಲ್ಲ. 13ಕ್ಕೆ ಕೊಂಡು 15ಕ್ಕೆ ಮಾರಿದ್ರೆ 2 ಲಕ್ಷಕ್ಕೆ 36 ಸಾವಿರ.

ಬಾಯಿಮಾತು ಕಾಗದಕ್ಕೆ ಬರಲಿ

1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮಿನ ಸಾರ ಇಷ್ಟು: ನೋಡಿಕೊಂಡು ಕೊಳ್ಳೋ ಜವಾಬ್ದಾರಿ ಮೂಲತಃ ಕೊಳ್ಳುವವನದ್ದೇ. ಅದಕ್ಕೆ ಕೆಲವು ವಿನಾಯಿತಿಗಳಿವೆ. ಆದರೆ "ಇದ್ದದ್ದು ಇದ್ದ ಹಾಗೆ ಒಪ್ಪಿಕೊಂಡಿದ್ದೇನೆ" ಅಂತ ಸಹಿ ಹಾಕಿಕೊಟ್ಟ ಮೇಲೆ ವಾದ ಮಾಡೋದು ಕಷ್ಟ. ಹಾಗಾಗಿ ಡೀಲರ್ ಹೇಳಿದ್ದನ್ನೆಲ್ಲ ಬರೆಸಿಕೊಳ್ಳಿ. ಅಪಘಾತ ಆಗಿಲ್ಲ, ಮೀಟರ್ ಸರಿಯಾಗಿದೆ, ಪ್ರವಾಹದಲ್ಲಿ ಮುಳುಗಿಲ್ಲ, ಎನ್‌ಒಸಿ ಇಂಥ ತಾರೀಕಿಗೆ ಕೊಡ್ತೀವಿ, ಕೊಡದಿದ್ರೆ ಟೋಕನ್ ವಾಪಸ್. ದುಡ್ಡು ಬ್ಯಾಂಕ್ ಖಾತೆಗೇ ಹೋಗಲಿ. ವಾಟ್ಸ್‌ಆ್ಯಪ್ ಮೆಸೇಜ್ ಡಿಲೀಟ್ ಮಾಡಬೇಡಿ.

ಇದು ಯಾಕೆ ಮುಖ್ಯ ಅಂದ್ರೆ, ಮಾರೋದನ್ನೇ ವ್ಯಾಪಾರ ಮಾಡ್ಕೊಂಡಿರೋ ಡೀಲರ್ ಸುಳ್ಳು ಹೇಳಿ ಮಾರಿದ್ರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. 50 ಲಕ್ಷದವರೆಗಿನ ಖರೀದಿ ಅಲ್ಲೇ ವಿಚಾರಣೆಗೆ ಬರುತ್ತೆ. 10ರಿಂದ 20 ಲಕ್ಷದ ಖರೀದಿಗೆ ಶುಲ್ಕ 400 ರೂಪಾಯಿ, ದೂರು ಕೊಡೋಕೆ ಎರಡು ವರ್ಷ ಅವಕಾಶ. ಆದರೆ ಆಯೋಗದ ಮುಂದೆ "ಹೂವಿನ ಹಾಗಿದೆ ಅಂದಿದ್ರು" ಅನ್ನೋ ಮಾತು ನಿಲ್ಲಲ್ಲ. ಕಾಗದ ಬೇಕು. ನೇರವಾಗಿ ಒಬ್ಬ ಖಾಸಗಿ ಮಾಲೀಕರಿಂದ ಕೊಂಡ್ರೆ ಈ ದಾರಿ ಸಿಗೋದೂ ಕಷ್ಟ.

ಈಗ ಇದನ್ನು ಕೇಳ್ತಿರೋ ಒಬ್ಬರು ಮುಂದೆ ಗಾಡಿ ಮಾರಬಹುದು, ಅವರಿಗೂ ಒಂದು ಮಾತು. ಆರ್‌ಸಿಯಲ್ಲಿ ಹೆಸರು ಬದಲಾಗೋವರೆಗೂ ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲೀಕನೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಡೀಲರ್ ಕೈಗೆ ಗಾಡಿ ಕೊಡುವಾಗ ಫಾರಂ 29ಸಿ ಮೂಲಕ ಆರ್‌ಟಿಒಗೆ ತಿಳಿಸೋ ವ್ಯವಸ್ಥೆ 2023ರ ಏಪ್ರಿಲ್‌ನಿಂದ ಇದೆ. ಅದನ್ನು ಬಳಸಿ.

ಹಾಗಾದ್ರೆ ತಗೋಬೇಕಾ?

ಶೆಟ್ಟಿಕೆರೆಯ ಗೆಳೆಯರಿಗೆ ನನ್ನ ಉತ್ತರ: ಈ ಗಾಡಿಗೆ ಭಾನುವಾರ ಟೋಕನ್ ಕೊಡಬೇಡಿ. ಕಾರಣ ಎರಡು. ಕೈಯಲ್ಲಿರೋ 12 ಲಕ್ಷ ಪೂರ್ತಿ ಗಾಡಿಗೇ ಹೋಗ್ತಿದೆ, ರಿಪೇರಿ ನಿಧಿ ಸೊನ್ನೆ. ಅದರ ಮೇಲೆ ಸಾಲ ಬೇರೆ, ತೆರಿಗೆ ಬೇರೆ. ಅದೇ ಗಾಡಿ ಕರ್ನಾಟಕದ ನೋಂದಣಿಯಲ್ಲಿದ್ದು, ಸರ್ವಿಸ್ ದಾಖಲೆ ಪೂರ್ತಿಯಾಗಿದ್ದು, ಕೊಂಡ ಮೇಲೂ ನಾಲ್ಕೈದು ಲಕ್ಷ ನಿಮ್ಮ ಎಫ್‌ಡಿಯಲ್ಲಿ ಉಳಿಯೋ ಹಾಗಿದ್ರೆ ನಾನು ಅಡ್ಡ ಬರ್ತಿರಲಿಲ್ಲ.

ಈಗಿನ ಸ್ಥಿತಿಯಲ್ಲಿ ಎಂಟು ಲಕ್ಷದೊಳಗೆ, ತುಮಕೂರಿನಲ್ಲೇ ಸರ್ವಿಸ್ ಸಿಗೋ ಕಂಪನಿಯ, ನಿಮ್ಮೂರ ಮೆಕ್ಯಾನಿಕ್ ಕೈ ಪಳಗಿರೋ ಎಸ್‌ಯುವಿ ನೋಡಿ. ಉಳಿದ ನಾಲ್ಕು ಲಕ್ಷದಲ್ಲಿ ಸ್ವಲ್ಪ ತೋಟಕ್ಕೆ ಹಾಕಿ, ಸ್ವಲ್ಪ ಬ್ಯಾಂಕಲ್ಲಿಡಿ. ಜರ್ಮನ್ ಗಾಡಿ ಎಲ್ಲೂ ಓಡಿ ಹೋಗಲ್ಲ. ಎರಡು ವರ್ಷ ಬಿಟ್ಟು ನೋಡಿದ್ರೆ ಇದೇ ಮಾಡೆಲ್ ಇನ್ನೂ ಅಗ್ಗಕ್ಕೆ ಸಿಗುತ್ತೆ.

"ಇವತ್ತೇ ಟೋಕನ್ ಕೊಡಿ, ಇನ್ನೊಂದು ಪಾರ್ಟಿ ಕಾಯ್ತಿದೆ" ಅನ್ನೋ ಮಾತು ನಿಮಗೂ ಯಾವತ್ತಾದ್ರೂ ಬಂದೇ ಬರುತ್ತೆ. ಆ ಪಾರ್ಟಿಗೇ ಕೊಟ್ಬಿಡಿ ಅಂತ ಹೇಳಿ, ಫೋನ್ ಇಡಿ. ನಿಮ್ಮ ಪ್ರಶ್ನೆಗಳನ್ನು ವಾಯ್ಸ್ ನೋಟ್‌ನಲ್ಲಿ ಕಳಿಸ್ತಾ ಇರಿ. ಮುಂದಿನ ಕಂತಿನಲ್ಲಿ ಚಿನ್ನದ ಸಾಲದ ಬಗ್ಗೆ ಮಾತಾಡೋಣ.